ಗ್ಯಾಸೇ ಇಲ್ಲದೆ ನಕ್ಷತ್ರ ಹುಟ್ಟುತ್ತಾ? ಗಾಮಾ ರೇ ಬರ್ಸ್ಟ್ ಗ್ಯಾಲಕ್ಸಿಗಳ ಕತೆ

ಪ್ರಶ್ನೆ: ನಾನು ಎಂಎಸ್ಸಿ ಫಿಸಿಕ್ಸ್ ಓದ್ತಾ ಇದೀನಿ. ಗಾಮಾ ರೇ ಬರ್ಸ್ಟ್ (ಗಾಮಾ ಕಿರಣದ ಹಠಾತ್ ಮಿಂಚು) ಆದ ಜಾಗದಲ್ಲಿ ಧೂಳು ತುಂಬಾ ಇದೆ, ಆದ್ರೆ ಮಾಲಿಕ್ಯುಲರ್ ಗ್ಯಾಸ್ (ಪರಮಾಣುಗಳು ಸೇರಿ ಅಣು ಆಗಿರೋ ಅನಿಲ) ತೀರಾ ಕಮ್ಮಿ ಅಂತ ಆಲ್ಮಾ ಟೆಲಿಸ್ಕೋಪ್ ಕಂಡುಹಿಡಿದಿದೆ ಅಂತ ಓದಿದೆ. ನಕ್ಷತ್ರ ಹುಟ್ಟೋದೇ ಆ ಗ್ಯಾಸಿಂದ ಅಲ್ವಾ, ಅದೇ ಇಲ್ಲ ಅಂದ್ರೆ ಅಷ್ಟು ದೊಡ್ಡ ನಕ್ಷತ್ರ ಅಲ್ಲಿ ಎಲ್ಲಿಂದ ಬಂತು? ಈ ಗ್ಯಾಲಕ್ಸಿಗಳಲ್ಲಿ "ಅಡಗಿರೋ" ನಕ್ಷತ್ರ ಸೃಷ್ಟಿ ಇದೆ ಅಂತಾರಲ್ಲ, ಅಡಗಿರೋದು ಇದೆ ಅಂತ ಹೇಗೆ ಗೊತ್ತಾಗುತ್ತೆ? ಇನ್ನೊಂದು, ಇದನ್ನೆಲ್ಲ ಪುಣೆ ಹತ್ರ ಇರೋ ನಮ್ಮ ರೇಡಿಯೋ ಟೆಲಿಸ್ಕೋಪ್ ಜಿಎಂಆರ್‌ಟಿಯಿಂದ ನೋಡೋಕಾಗುತ್ತಾ?

ಉತ್ತರ: ನೇರವಾಗಿ ಹೇಳ್ಬಿಡ್ತೀನಿ. ನೀವು ಓದಿರೋದು 2014ರ ರಿಸಲ್ಟ್, ನೇಚರ್ ಪತ್ರಿಕೆಯಲ್ಲಿ ಬಂದಿದ್ದು, ಆಗ ಅದು ದೊಡ್ಡ ಸುದ್ದಿ ಆಗಿತ್ತು. ಅದರ ಮುಖ್ಯ ಉದಾಹರಣೆ 2017ರಲ್ಲಿ ಬಿದ್ದುಹೋಯ್ತು. ಮೊದಲನೇ ಸುದ್ದಿ ಎಷ್ಟು ಓಡಾಡ್ತೋ ಎರಡನೇದು ಅಷ್ಟು ಓಡಾಡಲಿಲ್ಲ, ಹಾಗಾಗಿ ಇವತ್ತಿಗೂ ಎಷ್ಟೋ ಜನ ಮೊದಲನೇದನ್ನೇ ನಂಬ್ಕೊಂಡಿದಾರೆ. ಆ ಕತೆಗೆ ಬರ್ತೀನಿ, ಆದ್ರೆ ನಿಮ್ಮ ಎರಡನೇ ಪ್ರಶ್ನೆ, ಅಡಗಿರೋ ನಕ್ಷತ್ರ ಸೃಷ್ಟಿದು, ಅದನ್ನ ಮೊದ್ಲು ಮುಗಿಸಿದ್ರೆ ಉಳಿದಿದ್ದು ಸುಲಭ ಆಗುತ್ತೆ.

ಗಾಮಾ ರೇ ಬರ್ಸ್ಟ್‌ಗಳಲ್ಲಿ ಎರಡು ಸೆಕೆಂಡಿಗಿಂತ ಜಾಸ್ತಿ ಹೊತ್ತು ಇರೋವನ್ನ ಲಾಂಗ್ ಬರ್ಸ್ಟ್ ಅಂತೀವಿ, ಇಲ್ಲಿ ಮಾತಾಡ್ತಿರೋದು ಅವುಗಳ ಬಗ್ಗೆ ಮಾತ್ರ. ಇವು ತುಂಬಾ ಭಾರದ ನಕ್ಷತ್ರ ಕುಸಿದು ಸಾಯೋವಾಗ ಆಗೋವು. 1998ರ ಏಪ್ರಿಲ್ 25ರ ಬರ್ಸ್ಟ್ ಜೊತೆಗೆ ಅದೇ ಜಾಗದಲ್ಲಿ ಒಂದು ಸೂಪರ್‌ನೋವಾ, ಅಂದ್ರೆ ಸಾಯೋ ನಕ್ಷತ್ರದ ಸ್ಫೋಟ, ಸಿಕ್ಕಿತು, 2003ರ ಮಾರ್ಚ್ 29ರದ್ದರಲ್ಲಿ ಸೂಪರ್‌ನೋವಾದ ಸ್ಪೆಕ್ಟ್ರಮ್ (ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕು) ಆಫ್ಟರ್‌ಗ್ಲೋ, ಅಂದ್ರೆ ಬರ್ಸ್ಟ್ ಆದ್ಮೇಲೆ ಉಳಿಯೋ ಹೊಳಪು, ಅದರ ಒಳಗಿಂದಲೇ ಮೇಲೆದ್ದು ಬಂತು, ಅಲ್ಲಿಗೆ ಅನುಮಾನ ಹೋಯ್ತು. (ಬರ್ಸ್ಟಿಗೆ ವರ್ಷ, ತಿಂಗಳು, ದಿನ ಸೇರಿಸಿ ಹೆಸರಿಡ್ತಾರೆ; ಈಚೆಗೆ 2021ರ ಡಿಸೆಂಬರ್ 11ರ 211211ಎ ಥರದ ಒಂದೆರಡು ಲಾಂಗ್ ಬರ್ಸ್ಟ್‌ಗಳು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಿಂದ ಬಂದ ಹಾಗೆ ಕಾಣಿಸಿ ಎಲ್ಲರ ತಲೆ ಕೆಡಿಸಿವೆ, ಅದು ಬೇರೆ ಜಗಳ, ಬಿಡಿ.) ಅಷ್ಟು ಭಾರದ ನಕ್ಷತ್ರ ಬದುಕೋದು ಕೆಲವು ಮಿಲಿಯನ್ ವರ್ಷ ಅಷ್ಟೆ, ನಮ್ಮ ಸೂರ್ಯನ ಥರ ಸಾವಿರ ಕೋಟಿ ವರ್ಷ ಅಲ್ಲ. ಅಂದ್ರೆ ಹುಟ್ಟಿದ ಜಾಗ ಬಿಟ್ಟು ದೂರ ಹೋಗೋ ಮುಂಚೆನೇ ಸಾಯುತ್ತೆ. ಎಲ್ಲಿ ಬರ್ಸ್ಟ್ ಆಯ್ತೋ ಅಲ್ಲಿ ಈಗ, ಹೆಚ್ಚುಕಮ್ಮಿ ಈ ಕ್ಷಣದಲ್ಲಿ, ನಕ್ಷತ್ರ ಹುಟ್ತಾ ಇದೆ ಅಂತ ಅರ್ಥ.

ಇದರಲ್ಲಿರೋ ಮಜಾ ಏನಂದ್ರೆ ಗಾಮಾ ಕಿರಣಕ್ಕೆ ಧೂಳು ಲೆಕ್ಕಕ್ಕೇ ಇಲ್ಲ, ನುಗ್ಗಿ ಬರುತ್ತೆ. ಸಾಮಾನ್ಯವಾಗಿ ನಾವು ಗ್ಯಾಲಕ್ಸಿಗಳನ್ನ ಆರಿಸೋದು ಅವು ಎಷ್ಟು ಬೆಳಗ್ತವೆ ಅನ್ನೋದರ ಮೇಲೆ, ಮಂಕಾಗಿರೋದು, ಧೂಳಲ್ಲಿ ಮುಚ್ಚಿರೋದು ಸರ್ವೇಯಲ್ಲಿ ತಪ್ಪಿಹೋಗುತ್ತೆ. ಬರ್ಸ್ಟ್ ಹಾಗೆ ಆರಿಸಲ್ಲ, ಗ್ಯಾಲಕ್ಸಿ ದೊಡ್ಡದೋ ಸಣ್ಣದೋ ಕಾಣ್ಸುತ್ತೋ ಇಲ್ವೋ ಅದಕ್ಕೆ ಬೇಕಾಗಿಲ್ಲ, ಒಳಗೊಂದು ದೊಡ್ಡ ನಕ್ಷತ್ರ ಸತ್ತರೆ ಸಾಕು. ಆದ್ದರಿಂದ ವಿಶ್ವದಲ್ಲಿ ಒಟ್ಟು ನಕ್ಷತ್ರ ಸೃಷ್ಟಿ ಎಷ್ಟು ನಡೀತು, ಅದರಲ್ಲಿ ಧೂಳಿನ ಹಿಂದೆ ನಡೆದಿದ್ದು ಎಷ್ಟು ಅಂತ ಲೆಕ್ಕ ಹಾಕೋಕೆ ಇದು ಒಳ್ಳೆ ದಾರಿ ಅಂತ 90ರ ದಶಕದ ಕೊನೆಯಿಂದ ಜನ ಹಿಂದೆ ಬಿದ್ದರು.

ಈಗ "ಅಡಗಿರೋದು" ಅಂದ್ರೆ. ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳು ಅಲ್ಟ್ರಾವೈಲೆಟ್ ಬೆಳಕು ಚೆಲ್ಲುತ್ವೆ, ಸುತ್ತ ಇರೋ ಹೈಡ್ರೋಜನ್ನನ್ನ ಅಯಾನೀಕರಿಸಿ ಕೆಂಪು ಎಚ್-ಆಲ್ಫಾ ಗೆರೆ (ಸ್ಪೆಕ್ಟ್ರಮಲ್ಲಿ ಒಂದೇ ನಿಗದಿತ ಬಣ್ಣದ ಹೊಳಪು) ಹೊಳೆಯೋ ಹಾಗೆ ಮಾಡ್ತವೆ. ಆಪ್ಟಿಕಲ್ ಟೆಲಿಸ್ಕೋಪಲ್ಲಿ ವರ್ಷಕ್ಕೆ ಇಷ್ಟು ಸೂರ್ಯನಷ್ಟು ದ್ರವ್ಯ ನಕ್ಷತ್ರ ಆಗ್ತಿದೆ ಅಂತ ಹೇಳೋದು ಇವೆರಡರಿಂದಲೇ. ನಡುವೆ ಧೂಳಿದ್ರೆ ಆ ಬೆಳಕನ್ನ ಅದು ಕುಡಿದುಬಿಡುತ್ತೆ. ಆದ್ರೆ ಶಕ್ತಿ ಎಲ್ಲೂ ಮಾಯ ಆಗಲ್ಲ, ಧೂಳು ಕೆಲವು ಹತ್ತು ಕೆಲ್ವಿನ್ ವರೆಗೆ ಬೆಚ್ಚಗಾಗಿ ಫಾರ್-ಇನ್ಫ್ರಾರೆಡ್‌ನಲ್ಲಿ ಅದೇ ಶಕ್ತೀನ ವಾಪಸ್ ಬಿಡುತ್ತೆ, ದೂರದ ಗ್ಯಾಲಕ್ಸಿ ಆದ್ರೆ ರೆಡ್‌ಶಿಫ್ಟಿಂದ, ಅಂದ್ರೆ ವಿಶ್ವ ಹಿಗ್ಗಿದ ಹಾಗೆ ಬೆಳಕಿನ ತರಂಗ ಉದ್ದ ಆಗೋದ್ರಿಂದ (ಸಂಖ್ಯೆ ದೊಡ್ಡದಾದಷ್ಟೂ ದೂರ), ಅದು ಸಬ್‌ಮಿಲಿಮೀಟರ್ ತರಂಗಕ್ಕೆ ಜರುಗಿ ನಮಗೆ ಸಿಗುತ್ತೆ. ಇನ್ನೊಂದು ಸಾಕ್ಷಿ ರೇಡಿಯೋ. ದೊಡ್ಡ ನಕ್ಷತ್ರಗಳು ಸೂಪರ್‌ನೋವಾ ಆದಾಗ ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಹತ್ತಿರಕ್ಕೆ ಹೋಗಿ ಗ್ಯಾಲಕ್ಸಿಯ ಮ್ಯಾಗ್ನೆಟಿಕ್ ಫೀಲ್ಡಲ್ಲಿ ಸುತ್ತಿ ಸಿಂಕ್ರೋಟ್ರಾನ್ ತರಂಗ ಬಿಡ್ತವೆ, ಅದನ್ನ ಯಾವ ಧೂಳೂ ತಡೆಯಲ್ಲ. ಅಲ್ಟ್ರಾವೈಲೆಟ್ ಲೆಕ್ಕ ವರ್ಷಕ್ಕೆ 10 ಸೂರ್ಯ ಅಂತ ಹೇಳಿ, ರೇಡಿಯೋ ಲೆಕ್ಕ 100 ಅಂತ ಹೇಳಿದ್ರೆ, ನಡುವಿನ 90 ಅಡಗಿರೋದು. ಹೋಲಿಕೆಗೆ, ನಮ್ಮ ಮಿಲ್ಕಿ ವೇಯಲ್ಲಿ ವರ್ಷಕ್ಕೆ ಒಂದೆರಡು ಸೂರ್ಯನಷ್ಟು ಹುಟ್ಟಿದ್ರೆ ಹೆಚ್ಚು.

ಹೇಳೋಕೆ ಸುಲಭ, ಮಾಡೋವಾಗ ಎಲ್ಲ ಕಡೆ ಗುಂಡಿ. ರೇಡಿಯೋದಲ್ಲಿ ಬರ್ಸ್ಟಿನ ಆಫ್ಟರ್‌ಗ್ಲೋ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಉಳಿಯುತ್ತೆ, ಅದು ಆರೋ ಮುಂಚೆ ನೋಡಿಬಿಟ್ರೆ ಗ್ಯಾಲಕ್ಸಿಯದ್ದು ಅಂದ್ಕೊಂಡಿದ್ದು ಬರ್ಸ್ಟಿಂದೇ ಆಗಿರುತ್ತೆ, ಹಾಗಾಗಿ ಬೇರೆ ಬೇರೆ ಕಾಲದಲ್ಲಿ ನೋಡಿ ಮಂಕಾಗ್ತಿಲ್ಲ ಅಂತ ಖಾತ್ರಿ ಮಾಡ್ಕೋಬೇಕು. ಗ್ಯಾಲಕ್ಸಿ ನಡುವೆ ಕಪ್ಪುಕುಳಿ ಚುರುಕಾಗಿದ್ರೆ ಅದೂ ರೇಡಿಯೋ ಕೊಟ್ಟು ಮೋಸ ಮಾಡುತ್ತೆ. ಇದೆಲ್ಲಕ್ಕಿಂತ ದೊಡ್ಡ ಗುಂಡಿ ಸ್ಯಾಂಪಲ್ಲಿಂದು. ಹವಾಯಿಯ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಟೆಲಿಸ್ಕೋಪಲ್ಲಿ ಸ್ಕೂಬಾ ಅನ್ನೋ ಕ್ಯಾಮೆರಾ ಇಟ್ಕೊಂಡು 2000ದ ಆಸುಪಾಸಲ್ಲಿ ಬರ್ಸ್ಟ್ ಗ್ಯಾಲಕ್ಸಿಗಳನ್ನ ಹುಡುಕಿದಾಗ ಕೈಬೆರಳಲ್ಲಿ ಎಣಿಸೋಷ್ಟು ಮಾತ್ರ ಸಿಕ್ಕಿದ್ವು, 000418, 010222 ಥರದವು. ಉಳಿದವೆಲ್ಲ ಸಣ್ಣ, ನೀಲಿ, ಧೂಳಿಲ್ಲದ ಗ್ಯಾಲಕ್ಸಿಗಳು. ಸರಿ, ಬರ್ಸ್ಟ್ ಆಗೋದೇ ಸಣ್ಣ ನೀಲಿ ಗ್ಯಾಲಕ್ಸಿಗಳಲ್ಲಿ ಅಂತ ಒಂದು ತೀರ್ಮಾನ ಗಟ್ಟಿ ಆಗ್ತಾ ಬಂತು. ಯೋಚನೆ ಮಾಡಿ ನೋಡಿ, ಆಗ ಬರ್ಸ್ಟ್ ಯಾವ ಗ್ಯಾಲಕ್ಸಿದು ಅಂತ ಗೊತ್ತಾಗ್ತಿದ್ದಿದ್ದೇ ಬಹುಪಾಲು ಅದರ ಆಪ್ಟಿಕಲ್ ಆಫ್ಟರ್‌ಗ್ಲೋ ಸಿಕ್ಕಿದ್ರೆ. ಧೂಳಿನ ಒಳಗೆ ಆದ ಬರ್ಸ್ಟಿಗೆ ಆಪ್ಟಿಕಲ್ ಆಫ್ಟರ್‌ಗ್ಲೋ ಕಾಣಲ್ಲ, ಜಾಗ ಗೊತ್ತಾಗಲ್ಲ, ಸ್ಯಾಂಪಲ್ಲಿಗೇ ಬರಲ್ಲ. ಧೂಳಿರೋದನ್ನ ಹೊರಗಿಟ್ಟು ಆಮೇಲೆ ಧೂಳೇ ಇಲ್ಲ ಅಂದ ಹಾಗಾಯ್ತು!

2004ರ ನವೆಂಬರಲ್ಲಿ ಸ್ವಿಫ್ಟ್ ಉಪಗ್ರಹ ಹಾರಿದ್ಮೇಲೆ ಇದು ಬದಲಾಯ್ತು. ಅದರಲ್ಲಿರೋ ಎಕ್ಸ್-ರೇ ಟೆಲಿಸ್ಕೋಪ್ ಕೆಲವೇ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ) ನಿಖರತೆಯಲ್ಲಿ ಜಾಗ ಹೇಳುತ್ತೆ, ಎಕ್ಸ್-ರೇ ಕೂಡ ಧೂಳಿಗೆ ಅಷ್ಟಾಗಿ ಜಗ್ಗಲ್ಲ. ಆಗ "ಡಾರ್ಕ್ ಬರ್ಸ್ಟ್"ಗಳ, ಅಂದ್ರೆ ಎಕ್ಸ್-ರೇ ಇದ್ದು ಆಪ್ಟಿಕಲ್ ಇರಬೇಕಾದಷ್ಟು ಇಲ್ಲದವುಗಳ, ಮನೆ ವಿಳಾಸ ಸಿಗ್ತಾ ಹೋಯ್ತು. ಕೆಕ್, ಸ್ಪಿಟ್ಜರ್, ಹರ್ಷಲ್, ನ್ಯೂ ಮೆಕ್ಸಿಕೋದ ವಿಎಲ್‌ಎ ಹೀಗೆ ಬೇರೆ ಬೇರೆ ಟೆಲಿಸ್ಕೋಪ್ ಎಲ್ಲ ಇಟ್ಟು ನೋಡಿದಾಗ ಇವು ದಪ್ಪ, ಕೆಂಪು, ಧೂಳು ತುಂಬಿದ ಗ್ಯಾಲಕ್ಸಿಗಳು ಅಂತ 2010ರ ನಂತರದ ಕೆಲಸಗಳಲ್ಲಿ ಸ್ಪಷ್ಟ ಆಯ್ತು. ಆದ್ರೂ ಲೆಕ್ಕ ಪೂರ್ತಿ ಸರಿಹೋಗಲಿಲ್ಲ, ಹತ್ತಿರದ ವಿಶ್ವದಲ್ಲಿ ದೊಡ್ಡ ಗ್ಯಾಲಕ್ಸಿಗಳ ಪಾಲಿಗೆ ಬರಬೇಕಾದಷ್ಟು ಬರ್ಸ್ಟ್ ಬರಲ್ಲ. ಕಾರಣ ಮೆಟಾಲಿಸಿಟಿ, ಅಂದ್ರೆ ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದ ಧಾತುಗಳ ಪ್ರಮಾಣ (ದೊಡ್ಡ ಗ್ಯಾಲಕ್ಸಿಗಳಲ್ಲಿ ಜಾಸ್ತಿ), ಇರಬೇಕು ಅಂತ ಹೆಚ್ಚಿನವರ ಅಭಿಪ್ರಾಯ, ನಂದೂ ಅದೇ. ನಕ್ಷತ್ರದಲ್ಲಿ ಕಬ್ಬಿಣದಂಥ ಭಾರದ ಧಾತುಗಳು ಜಾಸ್ತಿ ಇದ್ರೆ ಅದರ ಗಾಳಿ ಜೋರಾಗಿ ಬೀಸಿ ತಿರುಗೋ ವೇಗಾನೆಲ್ಲ ಹೊತ್ಕೊಂಡು ಹೋಗುತ್ತೆ, ತಿರುಗದ ನಕ್ಷತ್ರ ಕುಸಿದ್ರೆ ಬರ್ಸ್ಟ್ ಕೊಡೋ ಜೆಟ್ (ಕಿರಿದಾಗಿ ಚಿಮ್ಮೋ ಧಾರೆ) ಹುಟ್ಟಲ್ಲ. ಹೀಗಾಗಿ ಬರ್ಸ್ಟ್ ಅನ್ನೋದು ನಕ್ಷತ್ರ ಸೃಷ್ಟಿಯ ನಿಷ್ಪಕ್ಷಪಾತ ಸಾಕ್ಷಿ ಅಂತೂ ಅಲ್ಲ, ಅದಕ್ಕೂ ತನ್ನದೇ ಆಯ್ಕೆ ಇದೆ, ಆದ್ರೆ ಆ ಆಯ್ಕೆ ಧೂಳಿಂದ ಬಂದಿದ್ದಲ್ಲ.

ಈಗ ಗ್ಯಾಸಿಗೆ ಬರೋಣ, ನಿಮ್ಮ ಮುಖ್ಯ ಪ್ರಶ್ನೆ.

ನಕ್ಷತ್ರ ಹುಟ್ಟೋದು ತಣ್ಣಗಿನ ದಟ್ಟ ಮೋಡದಲ್ಲಿ, ಅದು ಬಹುತೇಕ ಮಾಲಿಕ್ಯುಲರ್ ಹೈಡ್ರೋಜನ್. ಕಷ್ಟ ಏನಂದ್ರೆ ಅದನ್ನ ನೇರವಾಗಿ ನೋಡೋಕಾಗಲ್ಲ. ಎರಡು ಒಂದೇ ಥರದ ಪರಮಾಣು ಸೇರಿರೋ ಮಾಲಿಕ್ಯೂಲ್, ಡೈಪೋಲ್ ಮೊಮೆಂಟ್ ಇಲ್ಲ (ಒಂದು ಕಡೆ ಪ್ಲಸ್, ಒಂದು ಕಡೆ ಮೈನಸ್ ಅಂತಿಲ್ಲ), ತಿರುಗಿದ್ರೂ ರೇಡಿಯೋ ತರಂಗ ಬಿಡಲ್ಲ, ಮೊದಲನೇ ಮೇಲಿನ ಮಟ್ಟ ಏರಬೇಕು ಅಂದ್ರೂ ಸುಮಾರು 500 ಕೆಲ್ವಿನ್‌ನಷ್ಟು ಶಕ್ತಿ ಬೇಕು, ಮೋಡ ಇರೋದು 10-20 ಕೆಲ್ವಿನ್‌ನಲ್ಲಿ. ಅದಕ್ಕೇ ಜೊತೆಗಿರೋ ಕಾರ್ಬನ್ ಮೊನಾಕ್ಸೈಡ್ ಹಿಡಿಯೋದು. ಅದರ ಮೊದಲನೇ ಮಟ್ಟಕ್ಕೆ ಐದೂವರೆ ಕೆಲ್ವಿನ್ ಸಾಕು, 115.27 ಗಿಗಾಹರ್ಟ್ಸ್‌ನಲ್ಲಿ ಚೆನ್ನಾಗಿ ಹೊಳೆಯುತ್ತೆ. ಇದು ದೇವಸ್ಥಾನದ ಒಳಗೆ ಹೋಗದೆ ಹೊರಗೆ ಬಿಟ್ಟಿರೋ ಚಪ್ಪಲಿ ಎಣಿಸಿ ಒಳಗೆ ಎಷ್ಟು ಜನ ಇದಾರೆ ಅಂತ ಹೇಳಿದ ಹಾಗೆ. ಸಾಮಾನ್ಯವಾಗಿ ಸರಿಯಾಗೇ ಇರುತ್ತೆ, ಆದ್ರೆ ಬರಿಗಾಲಲ್ಲಿ ಬರೋ ಭಕ್ತರೇ ಜಾಸ್ತಿ ಇರೋ ದಿನ ಚಪ್ಪಲಿ ನೋಡ್ಕೊಂಡು ದೇವಸ್ಥಾನ ಖಾಲಿ ಅಂದ್ರೆ ನಗೆಪಾಟಲು.

ಬರಿಗಾಲಿನ ದಿನ ಅಂದ್ರೆ ಇಲ್ಲಿ ಮೆಟಾಲಿಸಿಟಿ ಕಮ್ಮಿ ಇರೋ ಗ್ಯಾಲಕ್ಸಿ. ಅಲ್ಲಿ ಕಾರ್ಬನ್, ಆಕ್ಸಿಜನ್ನೇ ಕಮ್ಮಿ. ಅದು ಸಾಲ್ದು ಅಂತ ಧೂಳೂ ಕಮ್ಮಿ, ಹಾಗಾಗಿ ನಕ್ಷತ್ರಗಳ ಅಲ್ಟ್ರಾವೈಲೆಟ್ ಬೆಳಕು ಮೋಡದ ಒಳಗೆ ಆಳಕ್ಕೆ ಹೋಗಿ ಕಾರ್ಬನ್ ಮೊನಾಕ್ಸೈಡನ್ನ ಒಡೆದುಹಾಕುತ್ತೆ. ಹೈಡ್ರೋಜನ್ ಮಾಲಿಕ್ಯೂಲ್ ಮಾತ್ರ ಸಂಖ್ಯೆಯಲ್ಲಿ ಎಷ್ಟಿದೆ ಅಂದ್ರೆ ಹೊರಗಿನ ಪದರವೇ ಆ ಬೆಳಕನ್ನ ತಡೆದು ಒಳಗಿನದನ್ನ ಕಾಪಾಡುತ್ತೆ. ಕೊನೆಗೆ ಹೈಡ್ರೋಜನ್ ಮೋಡ ಇದೆ, ಕಾರ್ಬನ್ ಮೊನಾಕ್ಸೈಡ್ ಇಲ್ಲ. ಆ ಕಾರ್ಬನ್ ಆಗ ಅಯಾನ್ ಆಗಿ 158 ಮೈಕ್ರಾನ್ ಗೆರೆಯಲ್ಲಿ ಹೊಳೆಯುತ್ತೆ. ಕಾರ್ಬನ್ ಮೊನಾಕ್ಸೈಡ್ ಹೊಳಪಿಂದ ಗ್ಯಾಸಿನ ತೂಕಕ್ಕೆ ಹೋಗೋಕೆ ಒಂದು ಗುಣಕ ಬಳಸ್ತೀವಿ, ಆಲ್ಫಾ-ಸಿಓ ಅಂತ. ಮಿಲ್ಕಿ ವೇಗೆ ಅದು 4.3 ಹತ್ರ, ಭಾರೀ ಸ್ಟಾರ್‌ಬರ್ಸ್ಟ್ (ನಕ್ಷತ್ರಗಳು ಭರದಿಂದ ಹುಟ್ತಿರೋ) ಗ್ಯಾಲಕ್ಸಿಗಳಿಗೆ 0.8 ಅಂತ ಹಿಡೀತಾರೆ, ಮೆಟಾಲಿಸಿಟಿ ಕಮ್ಮಿ ಇದ್ರೆ ಹತ್ತು ಪಟ್ಟು, ಇನ್ನೂ ಮೇಲೆ ಹೋಗಬಹುದು. ಒಂದೇ ಅಳತೆ, ಗುಣಕ ಬದಲಾಯಿಸಿದ್ರೆ ಗ್ಯಾಲಕ್ಸಿ ಬಡವನಿಂದ ಶ್ರೀಮಂತ ಆಗುತ್ತೆ. ಬರ್ಸ್ಟ್ ಗ್ಯಾಲಕ್ಸಿಗಳು ಹೆಚ್ಚಿನಂಶ ಮೆಟಾಲಿಸಿಟಿ ಕಮ್ಮಿ ಇರೋವು ಅಂತ ಆಗಲೇ ಹೇಳಿದೆ. ಹಾಗಾಗಿ ಯಾರಾದ್ರೂ "ಗ್ಯಾಸ್ ಕಮ್ಮಿ ಇದೆ" ಅಂದ ತಕ್ಷಣ ನಾನು ಮೊದ್ಲು ನೋಡೋದು ಅವರು ಯಾವ ಗುಣಕ ಹಾಕಿದಾರೆ ಅಂತ.

ಆಲ್ಮಾಗೆ ಮುಂಚೆ ಜಪಾನಿನ ನೊಬೆಯಾಮ, ಚಿಲಿಯಲ್ಲಿರೋ ಜಪಾನಿನದೇ ಆಸ್ಟೆ, ಹೀಗೆ ಹಲವು ರೇಡಿಯೋ ಟೆಲಿಸ್ಕೋಪಲ್ಲಿ ಪ್ರಯತ್ನ ನಡೀತು, ಇಷ್ಟಕ್ಕಿಂತ ಜಾಸ್ತಿ ಇರಲ್ಲ ಅನ್ನೋ ಮಿತಿ ಬಿಟ್ರೆ ಗಟ್ಟಿಯಾಗಿ ಏನೂ ಸಿಗಲಿಲ್ಲ. ಚಿಲಿಯ ಅಟಕಾಮ ಮರುಭೂಮಿಯಲ್ಲಿ 5000 ಮೀಟರ್ ಎತ್ತರದಲ್ಲಿ 66 ಆಂಟೆನಾ ಇಟ್ಟು ಆಲ್ಮಾ ಶುರು ಆದ್ಮೇಲೆ ಜಪಾನಿನ ಬುನ್ಯೋ ಹತ್ಸುಕಾಡೆ ತಂಡ ಎರಡು ಗ್ಯಾಲಕ್ಸಿ ನೋಡ್ತು. ಒಂದು 051022ರದ್ದು, ರೆಡ್‌ಶಿಫ್ಟ್ 0.81. ಇನ್ನೊಂದು 020819ಬಿ ಅನ್ನೋ ಬರ್ಸ್ಟಿಂದು, ಅದರ ಗ್ಯಾಲಕ್ಸಿ ಅಂತ ಅಂದ್ಕೊಂಡಿದ್ದು ರೆಡ್‌ಶಿಫ್ಟ್ 0.41ರಲ್ಲಿರೋ ಒಂದು ಚೆಂದದ ಸುರುಳಿ ಗ್ಯಾಲಕ್ಸಿ. ಈ ಎರಡನೇದರಲ್ಲಿ ವಿಚಿತ್ರ ಕಾಣಿಸ್ತು. ಸುರುಳಿಯ ನಡುವೆ ಕಾರ್ಬನ್ ಮೊನಾಕ್ಸೈಡ್ ಚೆನ್ನಾಗಿದೆ. ಬರ್ಸ್ಟ್ ಆಗಿದ್ದು ನಡುವಿಂದ ಸುಮಾರು 3 ಆರ್ಕ್‌ಸೆಕೆಂಡ್ ಆಚೆ, ಒಂದು ಮಸುಕು ಗುಡ್ಡೆ ಥರ ಇರೋ ಜಾಗದಲ್ಲಿ. ಅಲ್ಲಿ ಧೂಳಿನ ಹೊಳಪು ಜೋರಾಗಿದೆ, ಕಾರ್ಬನ್ ಮೊನಾಕ್ಸೈಡ್ ಮಾತ್ರ ಸೊನ್ನೆ. ಸಾಮಾನ್ಯ ಗ್ಯಾಲಕ್ಸಿಯಲ್ಲಿ ಧೂಳಿಗಿಂತ ಗ್ಯಾಸ್ ನೂರು ಪಟ್ಟಿನ ಆಸುಪಾಸು ಇರುತ್ತೆ, ಇಲ್ಲಿ ಅದು ತುಂಬಾ ಕೆಳಗಿತ್ತು. ದೊಡ್ಡ ನಕ್ಷತ್ರಗಳ ಅಲ್ಟ್ರಾವೈಲೆಟ್ ಬೆಳಕು ಮಾಲಿಕ್ಯೂಲ್‌ಗಳನ್ನ ಚೂರು ಮಾಡಿ ಧೂಳನ್ನ ಉಳಿಸಿರಬೇಕು ಅಂತ ವಿವರಣೆ ಕೊಟ್ಟರು. ಆಗ ಅದು ಒಪ್ಪೋ ಥರದ ವಿವರಣೆನೇ, ಕೆಲಸಾನೂ ಶಿಸ್ತಾಗಿತ್ತು.

ಇದೇ ಗ್ಯಾಲಕ್ಸಿ ಇನ್ನೊಂದು ಕಾರಣಕ್ಕೂ ತಲೆನೋವಾಗಿತ್ತು. 2010ರಲ್ಲಿ ಇದರ ಮೆಟಾಲಿಸಿಟಿ ಅಳೆದಾಗ ಸೂರ್ಯನಿಗಿಂತ ಜಾಸ್ತಿ ಬಂದು, ಬರ್ಸ್ಟಿಗೆ ಮೆಟಾಲಿಸಿಟಿ ಕಮ್ಮಿ ಇರಬೇಕು ಅನ್ನೋ ಮಾತಿಗೆ ದೊಡ್ಡ ಅಪವಾದ ಅಂತ ಎಲ್ಲ ಪೇಪರಲ್ಲೂ ಇದನ್ನೇ ತೋರಿಸ್ತಿದ್ರು. ಒಂದೇ ಗ್ಯಾಲಕ್ಸಿಗೆ ಎರಡೆರಡು ವಿಚಿತ್ರ. ನನ್ನ ಕೇಳಿದ್ರೆ ಅಲ್ಲೇ ಅನುಮಾನ ಬರಬೇಕಿತ್ತು, ಆಮೇಲೆ ಹೇಳೋದು ಸುಲಭ ಬಿಡಿ.

2017ರಲ್ಲಿ ಡೇನಿಯಲ್ ಪರ್ಲಿ ತಂಡ ಆ ಮಸುಕು ಗುಡ್ಡೆಯದ್ದೇ ಸ್ಪೆಕ್ಟ್ರಮ್ ತೆಗೆದು ನೋಡಿದ್ರೆ ರೆಡ್‌ಶಿಫ್ಟ್ 0.41 ಅಲ್ಲವೇ ಅಲ್ಲ, 1.96! ಅದು ಸುರುಳಿಯ ಭಾಗ ಅಲ್ಲ, ಅದರ ಹಿಂದೆ ತುಂಬಾ ದೂರದಲ್ಲಿರೋ ಬೇರೆ ಗ್ಯಾಲಕ್ಸಿ, ಧೂಳು ತುಂಬಿದ ಸ್ಟಾರ್‌ಬರ್ಸ್ಟ್. ಮುಂದಿನ ಸುರುಳಿಯಿಂದ ಬೆಳಕು ಹೊರಟಿದ್ದು 400 ಕೋಟಿ ವರ್ಷಕ್ಕೂ ಸ್ವಲ್ಪ ಹಿಂದೆ, ಹಿಂದಿನದರಿಂದ 1000 ಕೋಟಿ ವರ್ಷಕ್ಕೂ ಹಿಂದೆ. ಆಕಾಶದಲ್ಲಿ ಒಂದರ ಪಕ್ಕ ಒಂದು ಕಂಡಿದ್ದು ಬರೀ ಆಕಸ್ಮಿಕ.

ಈಗ "ಗ್ಯಾಸ್ ಇಲ್ಲ" ಅನ್ನೋದಕ್ಕೆ ಏನಾಯ್ತು ನೋಡಿ. ಆಲ್ಮಾ ಟ್ಯೂನ್ ಮಾಡಿದ್ದು ರೆಡ್‌ಶಿಫ್ಟ್ 0.41ಕ್ಕೆ, ಅಂದ್ರೆ ಕಾರ್ಬನ್ ಮೊನಾಕ್ಸೈಡಿನ ಮೂರನೇ ಮಟ್ಟದಿಂದ ಎರಡನೇದಕ್ಕೆ ಇಳಿಯೋ ಗೆರೆ, 345.8 ಗಿಗಾಹರ್ಟ್ಸ್‌ದು, ಸುಮಾರು 245ಕ್ಕೆ ಬಂದು ಬೀಳುತ್ತೆ. ರೆಡ್‌ಶಿಫ್ಟ್ 1.96ರ ಗ್ಯಾಲಕ್ಸಿಯ ಗೆರೆಗಳು ಬೀಳೋದು 233ರಲ್ಲಿ, ಆಮೇಲೆ 272ರಲ್ಲಿ. 245ರಲ್ಲಿ ಏನೂ ಇಲ್ಲ, ಇರೋಕೆ ಸಾಧ್ಯವೇ ಇಲ್ಲ. ಧೂಳಿನ ಹೊಳಪು ಮಾತ್ರ ಎಲ್ಲ ಫ್ರೀಕ್ವೆನ್ಸಿಯಲ್ಲೂ ಹರಡಿರುತ್ತೆ, ಅದಕ್ಕೆ ಟ್ಯೂನಿಂಗ್ ಬೇಡ, ಅದು ಕಾಣಿಸ್ತು. ನೀವೇ ಕ್ಯಾಲ್ಕ್ಯುಲೇಟರಲ್ಲಿ ಹಾಕಿ ನೋಡಿ, ಆ ಎರಡು ಗೆರೆಗಳ ಮೂಲ ಫ್ರೀಕ್ವೆನ್ಸಿ 691.5 ಮತ್ತು 806.7, ಎರಡನ್ನೂ 2.96ರಿಂದ (1 + ರೆಡ್‌ಶಿಫ್ಟ್) ಭಾಗಿಸಿ. ಗ್ಯಾಸ್ ಇತ್ತೋ ಇಲ್ವೋ ಅನ್ನೋ ಪ್ರಶ್ನೆಯನ್ನ ಆ ಜಾಗಕ್ಕೆ ಕೇಳೇ ಇರಲಿಲ್ಲ. ಮೆಟಾಲಿಸಿಟಿಯ ಅಪವಾದವೂ ಅದರ ಜೊತೆಗೇ ಹೋಯ್ತು, ಯಾಕಂದ್ರೆ ಅಳೆದಿದ್ದು ಮುಂದಿನ ಗ್ಯಾಲಕ್ಸೀನ. 2014ರ ಎರಡರಲ್ಲಿ 051022 ಮಾತ್ರ ಉಳೀತು, ಅದರಲ್ಲಿ ಗ್ಯಾಸೂ ಇದೆ ಧೂಳೂ ಇದೆ.

ಹಾಗಿದ್ರೆ ಬರ್ಸ್ಟ್ ಗ್ಯಾಲಕ್ಸಿಗಳಲ್ಲಿ ಗ್ಯಾಸ್ ಧಾರಾಳ ಅಂತಾನಾ? ಕೆಲವದರಲ್ಲಿ ಹೌದು. 080207 ಅನ್ನೋದು ಒಳ್ಳೆ ಡಾರ್ಕ್ ಬರ್ಸ್ಟ್, ಆಪ್ಟಿಕಲ್ ಆಫ್ಟರ್‌ಗ್ಲೋ ಕಾಣಲೇ ಇಲ್ಲ, ಗ್ಯಾಲಕ್ಸಿಯ ರೆಡ್‌ಶಿಫ್ಟ್ 2.086, ಕೆಂಪಗೆ, ದಪ್ಪಗೆ, ವರ್ಷಕ್ಕೆ ನೂರಕ್ಕೂ ಹೆಚ್ಚು ಸೂರ್ಯ ಹುಟ್ಟಿಸ್ತಾ ಇರೋದು. 2018ರಲ್ಲಿ ಮರ್ಯಂ ಅರಬ್ಸಾಲ್ಮಾನಿ ತಂಡ ಇದರಲ್ಲಿ ಕಾರ್ಬನ್ ಮೊನಾಕ್ಸೈಡ್ ಹಿಡಿದು ಸುಮಾರು 10,000 ಕೋಟಿ ಸೂರ್ಯನಷ್ಟು ಮಾಲಿಕ್ಯುಲರ್ ಗ್ಯಾಸ್ ಇದೆ ಅಂತ ತೋರಿಸ್ತು. ಮುಂದಿನ ವರ್ಷ ಹತ್ಸುಕಾಡೆ ತಂಡವೇ ಆಲ್ಮಾದಲ್ಲಿ ಅದರ ಒಳಗಿನ ವಿವರ ನೋಡಿ, ಅದೇ ಕಾಲದ ಬೇರೆ ಗ್ಯಾಲಕ್ಸಿಗಳ ಹಾಗೇ ಇದೆ, ವಿಶೇಷ ಏನಿಲ್ಲ ಅಂತು. 2020ರಲ್ಲಿ ಅದೇ ತಂಡ 14 ಬರ್ಸ್ಟ್ ಗ್ಯಾಲಕ್ಸಿಗಳನ್ನ ಆಲ್ಮಾದಲ್ಲಿ ನೋಡಿದಾಗ ಎಂಟರಲ್ಲಿ ಕಾರ್ಬನ್ ಮೊನಾಕ್ಸೈಡ್ ಸಿಕ್ತು. ಗ್ಯಾಸ್ ಬರ ಅನ್ನೋದು ಸಾಮಾನ್ಯ ನಿಯಮ ಅಲ್ಲ ಅನ್ನೋಕೆ ಇಷ್ಟು ಸಾಕು ಅಂತ ನನಗನ್ಸುತ್ತೆ.

ಆದ್ರೆ ಹತ್ತಿರದ ಸಣ್ಣ ಗ್ಯಾಲಕ್ಸಿಗಳಲ್ಲಿ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ, ಇಲ್ಲೇ ನಮ್ಮ ಜಿಎಂಆರ್‌ಟಿ ಬರೋದು. 1998ರ ಏಪ್ರಿಲ್ 25ರ ಬರ್ಸ್ಟ್ ಅಂದೆನಲ್ಲ, ಅದು ಆಗಿದ್ದು ಇಎಸ್‌ಓ 184-ಜಿ82 ಅನ್ನೋ ಸಣ್ಣ ಸುರುಳಿಯಲ್ಲಿ, ಸುಮಾರು 12 ಕೋಟಿ ಜ್ಯೋತಿರ್ವರ್ಷ ದೂರ, ಬರ್ಸ್ಟ್ ಗ್ಯಾಲಕ್ಸಿಗಳಲ್ಲೆಲ್ಲ ನಮಗೆ ತೀರಾ ಹತ್ತಿರದ್ದು. ಅದರಲ್ಲಿ ಸೂಪರ್‌ನೋವಾ ಜಾಗದಿಂದ ಎರಡು ಮೂರು ಸಾವಿರ ಜ್ಯೋತಿರ್ವರ್ಷ ಪಕ್ಕದಲ್ಲಿ ಒಂದು ಪುಟ್ಟ ಜಾಗ ಇದೆ, ವುಲ್ಫ್-ರಾಯೆಟ್ ನಕ್ಷತ್ರಗಳು, ಅಂದ್ರೆ ಸಾಯೋ ಹಂತದ ಭಾರೀ ಬಿಸಿ ನಕ್ಷತ್ರಗಳು, ಇರೋದು. ಆಪ್ಟಿಕಲ್ ಚಿತ್ರದಲ್ಲಿ ಬರೀ ಒಂದು ಚುಕ್ಕಿ. ಸ್ಪಿಟ್ಜರ್ ನೋಡಿದಾಗ ಇಡೀ ಗ್ಯಾಲಕ್ಸಿಯ 24 ಮೈಕ್ರಾನ್ ಇನ್ಫ್ರಾರೆಡ್ ಬೆಳಕಲ್ಲಿ, ಅಂದ್ರೆ ಬೆಚ್ಚಗಿನ ಧೂಳಿನ ಹೊಳಪಲ್ಲಿ, ಮುಕ್ಕಾಲು ಪಾಲಿಗಿಂತ ಹೆಚ್ಚು ಆ ಒಂದು ಚುಕ್ಕಿಯಿಂದಲೇ ಬರ್ತಿತ್ತು! ಅಡಗಿರೋ ನಕ್ಷತ್ರ ಸೃಷ್ಟಿಗೆ ಹತ್ತಿರದ ಉದಾಹರಣೆ ಬೇಕು ಅಂದ್ರೆ ಇದನ್ನೇ ಇಟ್ಕೊಳ್ಳಿ.

ಪೋಲೆಂಡಿನ ಮಿಖಾವ್ ಮಿಖಾವೋಫ್‌ಸ್ಕಿ 2015ರಲ್ಲಿ ಆಸ್ಟ್ರೇಲಿಯಾದ ಕಾಂಪ್ಯಾಕ್ಟ್ ಅರೇ ಅನ್ನೋ ರೇಡಿಯೋ ಟೆಲಿಸ್ಕೋಪ್ ಬಳಸಿ ಇಂಥ ಕೆಲವು ಗ್ಯಾಲಕ್ಸಿಗಳ ಅಟಾಮಿಕ್ ಹೈಡ್ರೋಜನ್ (ಜೋಡಿಯಾಗದ ಒಂಟಿ ಪರಮಾಣುಗಳು) ನೋಡಿ, ಅದು ಧಾರಾಳ ಇದೆ, ಮಾಲಿಕ್ಯುಲರ್ ಕಮ್ಮಿ ಇದೆ, ಹೊರಗಿಂದ ಹೊಸದಾಗಿ ಬಂದು ಬಿದ್ದ ಅಟಾಮಿಕ್ ಗ್ಯಾಸಿಂದ ನಕ್ಷತ್ರ ಹುಟ್ತಿರಬಹುದು, ಮಾಲಿಕ್ಯೂಲ್ ಆಗೋ ಹಂತ ಬಿಟ್ಟು ಅಥವಾ ಬಹಳ ಬೇಗ ದಾಟಿ, ಅಂತ ವಾದ ಮುಂದಿಟ್ಟರು. ಅದೇ ವರ್ಷ ಅರಬ್ಸಾಲ್ಮಾನಿ ತಂಡ, ಅದರಲ್ಲಿ ಜಿಎಂಆರ್‌ಟಿ ನಡೆಸೋ ಪುಣೆಯ ಸಂಸ್ಥೆ ಎನ್‌ಸಿಆರ್‌ಎಯ ನಿಸ್ಸೀಮ್ ಕಾನೇಕರ್ ಕೂಡ ಇದ್ರು, ಜಿಎಂಆರ್‌ಟಿಯಿಂದ 1998ರ ಬರ್ಸ್ಟಿನ ಇದೇ ಗ್ಯಾಲಕ್ಸಿಯ, ಅಟಾಮಿಕ್ ಹೈಡ್ರೋಜನ್ ಬಿಡೋ 21 ಸೆಂಟಿಮೀಟರ್ ಗೆರೆ ನೋಡಿ ಗ್ಯಾಸ್ ಅಸ್ತವ್ಯಸ್ತ ಆಗಿರೋದನ್ನ ತೋರಿಸ್ತು, ಯಾವುದೋ ಸಣ್ಣ ಗ್ಯಾಲಕ್ಸಿ ಬಂದು ಡಿಕ್ಕಿ ಹೊಡೆದು ಸೇರ್ಕೊಂಡಿರೋ ಲಕ್ಷಣ ಅಂತ. ಬರ್ಸ್ಟ್ ಗ್ಯಾಲಕ್ಸಿಯೊಂದರ 21 ಸೆಂಟಿಮೀಟರ್ ಹೊಳಪು ಮೊದಲನೇ ಸಲ ಸಿಕ್ಕಿದ್ದು ಆ ಕೆಲಸದಲ್ಲಿ.

ನನಗೆ ಡಿಕ್ಕಿಯ ವಿವರಣೆ ಜಾಸ್ತಿ ಒಪ್ಪಿಗೆ ಆಗುತ್ತೆ. ಅಟಾಮಿಕ್ ಗ್ಯಾಸಿಂದ ನೇರ ನಕ್ಷತ್ರ ಅನ್ನೋದು ಅಸಾಧ್ಯ ಅಂತಲ್ಲ, ಆದ್ರೆ ಅದಕ್ಕೆ ಆಧಾರ ಅಂತ ಕೊಡೋ "ಮಾಲಿಕ್ಯುಲರ್ ಕಮ್ಮಿ" ಅನ್ನೋದು ಮತ್ತೆ ಅದೇ ಆಲ್ಫಾ-ಸಿಓ ಮೇಲೆ ನಿಂತಿದೆ, ಇವೆಲ್ಲ ಮೆಟಾಲಿಸಿಟಿ ಕಮ್ಮಿ ಇರೋ ಸಣ್ಣ ಗ್ಯಾಲಕ್ಸಿಗಳು, ಲೆಕ್ಕಕ್ಕೆ ಸಿಗೋದೂ ಕೆಲವೇ ಕೆಲವು. ಡಿಕ್ಕಿ ಅಂದ್ರೆ ಗ್ಯಾಸ್ ಒಂದೆಡೆ ಒತ್ತಿ ಬರುತ್ತೆ, ಮಾಲಿಕ್ಯೂಲ್ ಆಗುತ್ತೆ, ನಕ್ಷತ್ರ ಹುಟ್ಟುತ್ತೆ, ಹೊಸ ಭೌತಶಾಸ್ತ್ರ ಬೇಕಿಲ್ಲ.

ಇನ್ನೊಂದು ದಾರಿ ಇದೆ, ಗುಣಕದ ಜಂಜಾಟವೇ ಇಲ್ಲದ್ದು. ಬರ್ಸ್ಟಿನ ಆಫ್ಟರ್‌ಗ್ಲೋನೇ ಹಿಂದಿನ ದೀಪ ಮಾಡ್ಕೊಂಡು ಮುಂದಿರೋ ಗ್ಯಾಸ್ ಯಾವ ಬೆಳಕನ್ನ ಕುಡೀತು ಅಂತ ನೋಡೋದು. ಮಾಲಿಕ್ಯುಲರ್ ಹೈಡ್ರೋಜನ್ ಹೊಳೆಯಲ್ಲ ಅಂದೆ, ಆದ್ರೆ ದೂರದ ಅಲ್ಟ್ರಾವೈಲೆಟ್‌ನಲ್ಲಿ ಲೈಮನ್-ವರ್ನರ್ ಪಟ್ಟಿಗಳಲ್ಲಿ ಬೆಳಕನ್ನ ಹೀರುತ್ತೆ, ರೆಡ್‌ಶಿಫ್ಟ್ ಸುಮಾರು 2 ದಾಟಿದ್ರೆ ಅದು ನೆಲದ ಮೇಲಿನ ಟೆಲಿಸ್ಕೋಪಿಗೆ ಸಿಗೋ ಬಣ್ಣಕ್ಕೆ ಬರುತ್ತೆ. ಶುರುವಲ್ಲಿ ನೋಡಿದವುಗಳಲ್ಲಿ ಸಿಗಲೇ ಇಲ್ಲ, ಅದನ್ನೂ "ಗ್ಯಾಸ್ ಇಲ್ಲ" ಅಂತಲೇ ಓದಿದವರಿದ್ರು. ಆಮೇಲೆ 2008ರ ಜೂನ್ 7ರ ಬರ್ಸ್ಟ್ ಬಂತು, ರೆಡ್‌ಶಿಫ್ಟ್ 3.04, ಕೆಕ್ ಟೆಲಿಸ್ಕೋಪಿನ ಸ್ಪೆಕ್ಟ್ರಮಲ್ಲಿ ಮಾಲಿಕ್ಯುಲರ್ ಹೈಡ್ರೋಜನ್ನೂ ಕಾರ್ಬನ್ ಮೊನಾಕ್ಸೈಡೂ ಎರಡೂ ಇದ್ವು, ಜೇಸನ್ ಪ್ರೊಚಾಸ್ಕಾ ತಂಡ 2009ರಲ್ಲಿ ಪ್ರಕಟಿಸ್ತು. ಧೂಳು ದಂಡಿಯಾಗಿತ್ತು, ಆ ಬರ್ಸ್ಟ್ ಮೂಲದಲ್ಲೇ ಅಸಾಧ್ಯ ಪ್ರಖರ ಆಗಿದ್ದಕ್ಕೆ ಮಾತ್ರ ಧೂಳು ದಾಟಿ ಕಂಡಿತು. ಸ್ವಲ್ಪ ಮಂಕಾಗಿದ್ದಿದ್ರೆ ಅದೂ ಡಾರ್ಕ್ ಬರ್ಸ್ಟ್ ಪಟ್ಟಿಗೆ ಸೇರ್ತಿತ್ತು. ಮಾಲಿಕ್ಯೂಲ್ ಇರೋ ಕಡೆ ಧೂಳಿರುತ್ತೆ, ಧೂಳಿದ್ರೆ ಸ್ಪೆಕ್ಟ್ರಮ್ ಸಿಗಲ್ಲ, ಸ್ಪೆಕ್ಟ್ರಮ್ ಸಿಕ್ಕಿದವುಗಳಲ್ಲಿ ಮಾಲಿಕ್ಯೂಲ್ ಇರಲ್ಲ. ಸ್ಕೂಬಾ ಕಾಲದ ಅದೇ ಗುಂಡಿ. ಯುರೋಪಿನವರ ವಿಎಲ್‌ಟಿ ಟೆಲಿಸ್ಕೋಪಲ್ಲಿ ಎಕ್ಸ್-ಶೂಟರ್ ಅನ್ನೋ ಉಪಕರಣ ಬಂದ್ಮೇಲೆ 120815ಎ, 121024ಎ ಹೀಗೆ ಇನ್ನೂ ಕೆಲವದರಲ್ಲಿ ಸಿಕ್ಕಿದೆ.

ನಿಮ್ಮ ಕೊನೆ ಪ್ರಶ್ನೆ, ಜಿಎಂಆರ್‌ಟಿ. ಮಾಲಿಕ್ಯುಲರ್ ಗ್ಯಾಸಿಗೆ ಆಗಲ್ಲ. ಅದು ಕೇಳೋದು 1.4 ಗಿಗಾಹರ್ಟ್ಸ್ ಆಸುಪಾಸಿನವರೆಗೆ, ಕಾರ್ಬನ್ ಮೊನಾಕ್ಸೈಡಿನ ತೀರಾ ಕೆಳಗಿನ ಗೆರೆಯೇ 115ರಲ್ಲಿದೆ, ಅಲ್ಲಿಂದ ಇಲ್ಲಿಗೆ ಇಳೀಬೇಕು ಅಂದ್ರೆ ರೆಡ್‌ಶಿಫ್ಟ್ 80 ಬೇಕು, ಆಗ ವಿಶ್ವದಲ್ಲಿ ಕಾರ್ಬನ್ನೇ ಹುಟ್ಟಿರಲಿಲ್ಲ. ಅಟಾಮಿಕ್ ಹೈಡ್ರೋಜನ್ ಆಗುತ್ತೆ, ಆದ್ರೆ ಒಂದೊಂದೇ ಗ್ಯಾಲಕ್ಸಿಯಾಗಿ ನೋಡ್ಬೇಕು ಅಂದ್ರೆ ಹತ್ತಿರದ್ದು ಮಾತ್ರ. ದೂರಕ್ಕೆ ಹೋಗ್ಬೇಕಾದ್ರೆ ಸಾವಿರಾರು ಗ್ಯಾಲಕ್ಸಿಗಳ ಸಿಗ್ನಲ್ ಒಟ್ಟು ಸೇರಿಸ್ಬೇಕು, 2020ರಲ್ಲಿ ಎನ್‌ಸಿಆರ್‌ಎ ಮತ್ತು ನಮ್ಮ ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟಿನವರು ಸೇರಿ 7,653 ಗ್ಯಾಲಕ್ಸಿಗಳನ್ನ ಹಾಗೆ ಒಟ್ಟುಗೂಡಿಸಿ ರೆಡ್‌ಶಿಫ್ಟ್ 1ರ ಹತ್ರದ ಸರಾಸರಿ ಹೈಡ್ರೋಜನ್ ಅಳೆದ್ರು. ಬರ್ಸ್ಟ್ ಗ್ಯಾಲಕ್ಸಿಗಳು ಅಷ್ಟು ಸಂಖ್ಯೆಯಲ್ಲಿ ಇಲ್ಲವೇ ಇಲ್ಲ, ಆ ಉಪಾಯ ಇಲ್ಲಿ ನಡೆಯಲ್ಲ. ಅಡಗಿರೋ ನಕ್ಷತ್ರ ಸೃಷ್ಟಿಗೆ ಬೇಕಾದ ರೇಡಿಯೋ ಹೊಳಪು ನೋಡೋಕೆ ಮಾತ್ರ ಜಿಎಂಆರ್‌ಟಿ ಒಳ್ಳೇದು, ಸಿಂಕ್ರೋಟ್ರಾನ್ ಕೆಳಗಿನ ಫ್ರೀಕ್ವೆನ್ಸಿಯಲ್ಲೇ ಜೋರಾಗಿರೋದು.

ದಕ್ಷಿಣ ಆಫ್ರಿಕಾದಲ್ಲಿ ಕಟ್ತಾ ಇರೋ ಎಸ್‌ಕೆಎ-ಮಿಡ್ ಅನ್ನೋ ರೇಡಿಯೋ ಟೆಲಿಸ್ಕೋಪ್ 15 ಗಿಗಾಹರ್ಟ್ಸ್ ಸ್ವಲ್ಪ ಮೇಲಿನವರೆಗೆ ಹೋಗೋ ಯೋಜನೆ ಇದೆ, ಭಾರತವೂ ಎಸ್‌ಕೆಎಯಲ್ಲಿ ಪಾಲುದಾರ, ಆಗ 115ರ ಗೆರೆ ರೆಡ್‌ಶಿಫ್ಟ್ ಆರೂವರೆಯ ಆಚೆಗೆ ಅದರ ವ್ಯಾಪ್ತಿಗೆ ಬರುತ್ತೆ. ಅಲ್ಲಿವರೆಗೆ ಎಂಎಸ್ಸಿ ಪ್ರಾಜೆಕ್ಟಿಗೆ ಏನಾದ್ರೂ ಮಾಡ್ಬೇಕು ಅಂದ್ರೆ ಜಿಎಂಆರ್‌ಟಿಯ ಹಳೇ ಡೇಟಾ ಆನ್‌ಲೈನ್ ಆರ್ಕೈವಲ್ಲಿದೆ, ಆಲ್ಮಾದ್ದೂ ಹಾಗೇ ಎಲ್ಲರಿಗೂ ಸಿಗುತ್ತೆ. ಗ್ಯಾಲಕ್ಸಿ ಆರಿಸೋ ಮುಂಚೆ ಅದರ ರೆಡ್‌ಶಿಫ್ಟ್ ಬರ್ಸ್ಟಿನ ಆಫ್ಟರ್‌ಗ್ಲೋ ಸ್ಪೆಕ್ಟ್ರಮಿಂದ ಬಂದಿದ್ದೋ, ಇಲ್ಲ ಪಕ್ಕದಲ್ಲಿ ಕಂಡ ಗ್ಯಾಲಕ್ಸಿಯಿಂದ ಎತ್ಕೊಂಡಿದ್ದೋ ಅಂತ ಮೂಲ ಪೇಪರಲ್ಲಿ ನೋಡಿ. ಎರಡನೇದಾದ್ರೆ ಬೇರೆ ಗ್ಯಾಲಕ್ಸಿ ಆರಿಸ್ಕೊಳ್ಳಿ.